ಕೋಥ್ರೂಡಿನ ಮಕ್ಕಳ ಹಲ್ಲಿನ ಕ್ಲಿನಿಕ್: ಅಜ್ಜಿ ಮುತ್ತು ಕೊಟ್ರೆ ಮಗು ಹಲ್ಲು ಹುಳುಕಾಗುತ್ತಾ ಅನ್ನೋದಕ್ಕೆ ಇಲ್ಲಿ ಸರಿಯಾದ ಉತ್ತರ ಸಿಕ್ತು

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ, ಬರೀ ಡಾಕ್ಟರ್‌ಗೆ ಅಂದ್ರೆ ಐದಕ್ಕೆ ಐದು. ಒಂದು ಸ್ಟಾರ್ ಯಾಕೆ ಹೋಯ್ತು ಅಂತ ಕೊನೆಗೆ ಬರೀತೀನಿ. ಪುಣೆಯಲ್ಲಿರೋ ಕನ್ನಡದವರು, ಅದರಲ್ಲೂ ಮನೇಲಿ ಚಿಕ್ಕ ಮಗು ಜೊತೆ ಅಜ್ಜಿ ತಾತ ಇರೋರು ದಯವಿಟ್ಟು ಪೂರ್ತಿ ಓದಿ, ಉದ್ದ ಆಗುತ್ತೆ ಆದ್ರೆ ಎಷ್ಟೋ ಮನೆಗಳಲ್ಲಿ ಇದೇ ವಿಷಯಕ್ಕೆ ಮನಸ್ತಾಪ ಆಗ್ತಿದೆ ಅಂತ ನಂಗೆ ಗೊತ್ತು.

ಜಾಗ ಕೋಥ್ರೂಡಲ್ಲಿ, ಪೌಡ್ ರೋಡಿಂದ ಒಳಗೆ ಹೋಗೋ ಒಂದು ಗಲ್ಲಿ, ಮೊದಲನೇ ಮಹಡಿ. ಡಾಕ್ಟರ್ ಮಕ್ಕಳ ಹಲ್ಲಿನ ಸ್ಪೆಷಲಿಸ್ಟ್, ಓದಿದ್ದು ಬೆಳಗಾವಿಯಲ್ಲಿ, ಹಾಗಾಗಿ ಮರಾಠಿ ಹಿಂದಿ ಜೊತೆ ಒಳ್ಳೆ ಕನ್ನಡ ಮಾತಾಡ್ತಾರೆ. ನಮ್ಮತ್ತೆ ಧಾರವಾಡದವರು, ಪುಣೆಗೆ ಬಂದು ಇಷ್ಟು ವರ್ಷ ಆದ್ರೂ ಡಾಕ್ಟರ್ ಮುಂದೆ ಕೂತಾಗ ಮಾತ್ರ ಅವರಿಗೆ ಕನ್ನಡನೇ ಬೇಕು, ಅದೊಂದಕ್ಕೇ ಈ ಕ್ಲಿನಿಕ್ ನಮಗೆ ತುಂಬಾ ಅನುಕೂಲ ಆಯ್ತು.

ಹೋಗಿದ್ದು ಯಾಕಂದ್ರೆ, ಮಗಳಿಗೆ ಎರಡು ವರ್ಷ ದಾಟಿದೆ, ಮೇಲಿನ ಮುಂದಿನ ಹಲ್ಲುಗಳಲ್ಲಿ ಒಸಡಿನ ಪಕ್ಕಕ್ಕೆ ಒಂಥರಾ ಮಂಕು ಬಿಳಿ ಪಟ್ಟಿ ಕಾಣಿಸ್ತು. ಹಾಲು ಅಂಟಿರಬೇಕು ಅಂತ ಬಟ್ಟೆಯಲ್ಲಿ ಒರೆಸಿದ್ರೆ ಹೋಗ್ಲಿಲ್ಲ. ಮನೆ ಹತ್ರ ಇನ್ನೊಂದು ಕಡೆ ತೋರಿಸಿದ್ವಿ (ಹೆಸರು ಬೇಡ), ಅಲ್ಲಿ ಬಾಯಿ ಸರಿಯಾಗಿ ನೋಡೋ ಮುಂಚೆನೇ "ಮನೇಲಿ ಯಾರಿಗೆ ಹುಳುಕು ಹಲ್ಲಿದೆ" ಅಂತ ಕೇಳಿದ್ರು, ಅತ್ತೆ ತಮಗಿದೆ ಅಂದ ತಕ್ಷಣ "ಹಾಗಾದ್ರೆ ನಿಮ್ಮಿಂದನೇ ಬಂದಿದ್ದು, ಮಗುಗೆ ಮುತ್ತು ಕೊಡೋದು, ನಿಮ್ಮ ತಟ್ಟೆಯಿಂದ ತಿನ್ನಿಸೋದು ಎಲ್ಲಾ ಬಂದ್ ಮಾಡಿ" ಅಂತ ಹೇಳಿ ಎದ್ದೇಬಿಟ್ರು. ಅಷ್ಟೇ ಅಲ್ಲ, ಅದೇ ವಾರ ನಮ್ಮ ಫ್ಯಾಮಿಲಿ ಗ್ರೂಪಿಗೆ ಯಾರೋ ಒಂದು ಫಾರ್ವರ್ಡ್ ಹಾಕಿದ್ರು, ಹುಳುಕು ಹಲ್ಲು ಅಂಟುರೋಗ, ಒಂದೇ ಚಮಚದಲ್ಲಿ ತಿನ್ನಿಸಿದ್ರೆ ಮಗು ಹಲ್ಲೆಲ್ಲಾ ಹೋಗುತ್ತೆ ಅಂತ, ಕೆಳಗೆ ಹತ್ತು ಜನ ಕೈ ಮುಗಿಯೋ ಇಮೋಜಿ.

ಅತ್ತೆ ಜಗಳ ಆಡ್ಲಿಲ್ಲ, ಆಡಿದ್ರೆ ಚೆನ್ನಾಗಿತ್ತು. ಅವತ್ತಿಂದ ತಮ್ಮ ಲೋಟ ತಟ್ಟೆ ಬೇರೆ ಇಟ್ಕೊಂಡ್ರು, ಮಗು ಓಡಿ ಬಂದು ಕೊರಳಿಗೆ ಜೋತು ಬಿದ್ರೆ ಮುಖ ಆ ಕಡೆ ತಿರುಗಿಸಿ ಬೆನ್ನು ಮಾತ್ರ ಸವರೋರು. ಮಗುಗೆ ಏನು ಗೊತ್ತಾಗ್ಬೇಕು, ಅಜ್ಜಿ ಕೋಪ ಮಾಡ್ಕೊಂಡಿದಾರೆ ಅಂತ ಅವಳೂ ಸಪ್ಪಗಾದ್ಲು. "ನಾವೆಲ್ಲಾ ಬಾಯಾಗ ಅಗದು ತಿನ್ನಿಸೇ ಮಕ್ಕಳನ್ನ ಬೆಳ್ಸೀವಿ, ಈಗ ನನ್ನ ಬಾಯಿನ ವಿಷ ಆತು" ಅಂತ ಒಂದೇ ಒಂದು ಸಲ ಅಂದ್ರು, ಅಡುಗೆಮನೇಲಿ, ನನ್ನ ಮುಖ ನೋಡದೆ. ನಂಗೆ ಆ ಮಾತು ತಡೆಯೋಕೆ ಆಗ್ಲಿಲ್ಲ, ಸರಿಯಾದವರ ಹತ್ರ ಕೇಳಲೇಬೇಕು ಅಂತ ಹುಡುಕಿ ಈ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ತಗೊಂಡೆ, ಅತ್ತೇನೂ ಕರ್ಕೊಂಡು ಹೋದೆ.

ಇಲ್ಲಿ ಮಗೂನ ಆ ದೊಡ್ಡ ಕುರ್ಚಿಯಲ್ಲಿ ಕೂರಿಸೋದೇ ಇಲ್ಲ. ಡಾಕ್ಟರ್ ಒಂದು ಸ್ಟೂಲ್ ಮೇಲೆ, ನಾನು ಎದುರಿಗೆ ಇನ್ನೊಂದು ಸ್ಟೂಲ್ ಮೇಲೆ, ಇಬ್ಬರ ಮಂಡಿಗೆ ಮಂಡಿ ತಾಗೋ ಹಾಗೆ. ಮಗಳು ನನ್ನ ಕಡೆ ಮುಖ ಮಾಡಿ ನನ್ನ ತೊಡೆ ಮೇಲೆ ಕೂತ್ಲು, ಅವಳ ಕಾಲು ನನ್ನ ಸೊಂಟದ ಎರಡೂ ಪಕ್ಕ, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಮಲಗಿಸಿ ತಲೆ ಡಾಕ್ಟರ್ ಮಡಿಲಿಗೆ. ಅವಳಿಗೆ ನನ್ನ ಮುಖ ಕಾಣ್ತಾನೇ ಇರುತ್ತೆ, ಕೈ ನನ್ನ ಕೈಯಲ್ಲಿ. ಎರಡು ಮೂರು ಸೆಕೆಂಡ್ ಅತ್ತಳು, ಅಳುವಾಗ ಬಾಯಿ ತಾನಾಗೇ ತೆರೀತು, ಡಾಕ್ಟರ್ ಬೆರಳಲ್ಲಿ ಮೇಲಿನ ತುಟಿ ಎತ್ತಿ ಹಿಡಿದು ನನಗೂ ತೋರಿಸಿದ್ರು. "ಇಲ್ಲಿ ನೋಡ್ರಿ, ಒಸಡಿನ ಅಂಚಿಗೆ ಬೆಳ್ಳಗ ಅದ ಅಲ್ಲಾ, ಇದು ಶುರುವಾತು. ಇನ್ನೂ ತೂತು ಬಿದ್ದಿಲ್ಲ, ಇದನ್ನ ವಾಪಸ್ ತರಬಹುದು." ಕೆಳಗಿನ ಮುಂದಿನ ಹಲ್ಲು ಚೆನ್ನಾಗಿತ್ತು, ನಾಲಿಗೆ ಮುಚ್ಚಿರುತ್ತೆ, ಅಲ್ಲಿ ಜೊಲ್ಲು ಜಾಸ್ತಿ ಹರಿಯುತ್ತೆ, ಅದಕ್ಕೆ ಕೆಳಗಿನವು ಉಳ್ಕೊಳ್ಳುತ್ತೆ ಅಂದ್ರು. ಇಷ್ಟರಿಂದಲೇ ಕಾರಣ ಯಾವ ಕಡೆ ಇದೆ ಅಂತ ಅವರಿಗೆ ಅರ್ಧ ಗೊತ್ತಾಗಿತ್ತು ಅನ್ಸುತ್ತೆ.

ಆಮೇಲೆ ನಾನು ನೇರ ಕೇಳಿದೆ, ಇದು ಅತ್ತೆಯಿಂದ ಬಂತಾ ಅಂತ. ಅತ್ತೆ ಪಕ್ಕದಲ್ಲೇ ಕೂತಿದ್ರು. ಈ ಪ್ರಶ್ನೆಗೆ ಅವರು ಕೊಟ್ಟ ಟೈಮ್ ನೋಡಿ ನಂಗೆ ನಿಜವಾಗ್ಲೂ ಗೌರವ ಬಂತು, ಹೊರಗೆ ಪೇಷಂಟ್ ಕಾಯ್ತಿದ್ರೂ ಗಡಿಯಾರ ನೋಡ್ಲಿಲ್ಲ. ಹೇಳಿದ್ದು ಇಷ್ಟು: ಹುಳುಕು ಒಬ್ಬರಿಂದ ಒಬ್ಬರಿಗೆ ಹೋಗಲ್ಲ, ಹುಳುಕು ಮಾಡೋ ಬ್ಯಾಕ್ಟೀರಿಯಾ ಹೋಗುತ್ತೆ. ಹುಟ್ಟಿದಾಗ ಮಗು ಬಾಯಲ್ಲಿ ಆ ಬ್ಯಾಕ್ಟೀರಿಯಾ ಇರಲ್ಲ, ಸುತ್ತ ಇರೋರ ಎಂಜಲಿಂದ ಬರುತ್ತೆ, ಜಾಸ್ತಿ ಸಲ ತಾಯಿಯಿಂದ, ಯಾಕಂದ್ರೆ ಜಾಸ್ತಿ ಹೊತ್ತು ಜೊತೆಗಿರೋದು ಅವಳೇ. ಅಪ್ಪನಿಂದ ಬರಬಹುದು, ಅಜ್ಜಿಯಿಂದ ಬರಬಹುದು, ಅಣ್ಣ ಅಕ್ಕನಿಂದ, ಪಾಳಣಾಘರದಲ್ಲಿ (ಇಲ್ಲಿ ಡೇ ಕೇರ್‌ಗೆ ಹಾಗಂತಾರೆ) ಜೊತೆಗೆ ಆಡೋ ಮಕ್ಕಳಿಂದಲೂ ಬರಬಹುದು. "ಇವರಿಂದನ ಬಂತು ಅಂತ ಬೆರಳು ಮಾಡಿ ತೋರ್ಸಾಕ ಯಾರಿಗೂ ಆಗೂದಿಲ್ಲ, ಹಂಗ ಹೇಳಿದವರು ತಪ್ಪು ಹೇಳ್ಯಾರ" ಅಂತ ಅತ್ತೆ ಕಡೆ ತಿರುಗಿ ಹೇಳಿದ್ರು.

ಆಮೇಲೆ ಅತ್ತೆಗೆ ಅರ್ಥ ಆಗೋ ಹಾಗೆ ಒಂದು ಮಾತು ಹೇಳಿದ್ರು ನೋಡಿ, ಅದು ನಮ್ಮನೇಲಿ ಈಗ ಗಾದೆ ಥರ ಆಗಿಬಿಟ್ಟಿದೆ. "ಅಜ್ಜಿ, ಮೊಸರಿಗೆ ಹೆಪ್ಪು ಹಾಕ್ತೀರಲ್ಲ, ಖಾಲಿ ಪಾತ್ರಿಗೆ ಹೆಪ್ಪು ಹಾಕಿದ್ರ ಮೊಸರಾಗತದೇನು? ಹಾಲು ಬೇಕು, ರಾತ್ರಿಪೂರ್ತಿ ಅಲುಗಾಡಿಸದ ಬಿಡಬೇಕು. ಬ್ಯಾಕ್ಟೀರಿಯಾ ಅಂದ್ರ ಹೆಪ್ಪು, ಸಕ್ರಿ ಅಂದ್ರ ಹಾಲು, ಬ್ರಶ್ ಮಾಡದ ಬಿಟ್ರ ಮುಗೀತು." ಹೋಲಿಕೆ ಬರೀ ಮಾತಿಗಲ್ಲ, ಮೊಸರು ಹುಳಿಯಾಗೋದೂ ಲ್ಯಾಕ್ಟಿಕ್ ಆಸಿಡ್‌ನಿಂದ, ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೋ ಈ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡೋ ಮುಖ್ಯ ಆಸಿಡ್ ಕೂಡ ಅದೇ. ಅತ್ತೆ ತಲೆ ಅಲ್ಲಾಡಿಸಿ "ಹಂಗಂದ್ರ ಹೆಪ್ಪು ನನ್ನದಾದ್ರೂ ಹಾಲು ಹಾಕಿದ್ದು ಬ್ಯಾರೆ" ಅಂದ್ರು. ಡಾಕ್ಟರ್ "ಬರೋಬ್ಬರಿ" ಅಂದ್ರು. ಹೋದ ವಾರದಿಂದ ಮೊದಲ ಸಲ ಅತ್ತೆ ಮುಖ ಅರಳಿದ್ದು ಅಲ್ಲೇ.

ಮನೆಗೆ ಬಂದ ಮೇಲೆ ನಾನೂ ಒಂದಷ್ಟು ಓದಿದೆ, ಫಾರ್ವರ್ಡ್ ಕಳಿಸಿದವರಿಗೆ ಉತ್ತರ ಕೊಡ್ಬೇಕಿತ್ತಲ್ಲ. ಈ ಬ್ಯಾಕ್ಟೀರಿಯಾನ ಮೊದಲು ಗುರುತಿಸಿದ್ದು 1924ರಲ್ಲಿ, ಕ್ಲಾರ್ಕ್ ಅನ್ನೋರು. ಇದು ದಾಟಿ ಹೋಗುತ್ತೆ ಅಂತ ತೋರಿಸಿದ್ದು 1960ರಲ್ಲಿ ಅಮೆರಿಕದ ಪಾಲ್ ಕೀಸ್ ಅನ್ನೋ ದಂತ ಸಂಶೋಧಕರು: ಹುಳುಕಾಗದ, ಇಲಿ ಥರ ಇರೋ ಹ್ಯಾಮ್‌ಸ್ಟರ್‌ಗಳನ್ನ ಹುಳುಕು ಇರೋ ಹ್ಯಾಮ್‌ಸ್ಟರ್‌ಗಳ ಜೊತೆ ಒಂದೇ ಗೂಡಲ್ಲಿ ಬಿಟ್ರೆ ಅವಕ್ಕೂ ಹುಳುಕು ಶುರುವಾಯ್ತು. ಫಾರ್ವರ್ಡ್‌ಗಳ ಮೂಲ ಎಲ್ಲಾ ಇಂಥದ್ದೇ. ಆದ್ರೆ ಆ ಹ್ಯಾಮ್‌ಸ್ಟರ್‌ಗಳಿಗೆ ಕೊಡ್ತಿದ್ದ ಆಹಾರದಲ್ಲಿ ಸಕ್ಕರೆ ತುಂಬಿತ್ತು, ಆ ಭಾಗ ಫಾರ್ವರ್ಡಲ್ಲಿ ಬರಲ್ಲ. ಕೀಸ್ ಅವರೇ ಆಮೇಲೆ ಹಲ್ಲು, ಬ್ಯಾಕ್ಟೀರಿಯಾ, ಆಹಾರ ಮೂರೂ ಸೇರಿದ್ರೆ ಮಾತ್ರ ಹುಳುಕು ಅಂತ ಮೂರು ವೃತ್ತ ಬರೆದು ತೋರಿಸಿದ್ರು, ಇವತ್ತಿಗೂ ಡೆಂಟಲ್ ಕಾಲೇಜಲ್ಲಿ ಮೊದಲು ಹೇಳ್ಕೊಡೋದು ಅದನ್ನೇ.

ಇನ್ನೊಂದು, 1993ರಲ್ಲಿ ಕಾಫೀಲ್ಡ್ ಅನ್ನೋರ ಸ್ಟಡಿ ಬಂತು, ತಾಯಿ ಮಗು ಜೋಡಿಗಳನ್ನ ಹುಟ್ಟಿದಾಗಿಂದ ನೋಡ್ಕೊಂಡು ಬಂದು 19ರಿಂದ 31 ತಿಂಗಳ ನಡುವೆ ಈ ಬ್ಯಾಕ್ಟೀರಿಯಾ ಮಗು ಬಾಯಲ್ಲಿ ಮನೆ ಮಾಡುತ್ತೆ ಅಂತ ಹೇಳಿದ್ರು, ಆವಾಗ ಹೊಸ ಹೊಸ ಹಲ್ಲು ಬರ್ತಿರುತ್ತೆ, ಅದಕ್ಕೆ ಹಿಡ್ಕೊಳ್ಳೋಕೆ ಜಾಗ ಸಿಗುತ್ತೆ. ಹಾಗಾಗಿ ಎಂಜಲು ಚಮಚ ಬೇಡ ಅನ್ನೋ ಸಲಹೆ ಎಲ್ಲಾ ಕಡೆ ಹಬ್ಬಿತು. ಆದ್ರೆ ಆಮೇಲಿನ ಸ್ಟಡಿಗಳಲ್ಲಿ ಹಲ್ಲು ಬರೋ ಮುಂಚೆನೇ, ಒಂದು ವರ್ಷದ ಒಳಗೇ ಕೂಡ ಕೆಲವು ಮಕ್ಕಳ ಬಾಯಲ್ಲಿ ಇದು ಸಿಕ್ಕಿದೆ. 2023ರಲ್ಲಿ ಜಪಾನಿನ ಬಾಯಿ ಆರೋಗ್ಯದ ತಜ್ಞರ ಸೊಸೈಟಿ ಒಂದು ಹೇಳಿಕೆ ಕೊಡ್ತು, ಚಮಚ ತಟ್ಟೆ ಬೇರೆ ಮಾಡಿದ್ರೆ ಹುಳುಕು ತಪ್ಪುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಊಟ ಶುರು ಮಾಡೋ ಮುಂಚೆ ನಾಲ್ಕು ತಿಂಗಳಿಗೇ ತಾಯಿ ಬಾಯಿಯ ಬ್ಯಾಕ್ಟೀರಿಯಾ ಮಗುಗೆ ಬಂದಿರುತ್ತೆ, ಸಕ್ಕರೆ ಕಮ್ಮಿ ಮಾಡಿ, ದಿನಾ ಬ್ರಶ್ ಮಾಡಿಸಿ, ಹಲ್ಲು ಗಟ್ಟಿ ಮಾಡೋ ಫ್ಲೋರೈಡ್ ಬಳಸಿ ಅಂತ. ಜಪಾನಲ್ಲೂ ಇದೇ ಚಮಚದ ಭಯ ಮನೆ ಮನೇಲಿ ಇತ್ತಂತೆ ನೋಡಿ, ಅತ್ತೆ ಸೊಸೆ ಎಲ್ಲಾ ಕಡೆ ಒಂದೇ. ಸ್ವೀಡನ್‌ನಲ್ಲಿ 2013ರಲ್ಲಿ ಇನ್ನೊಂದು ಬಂತು, ಮಗು ಚೀಪೋ ನಿಪ್ಪಲ್ ಕೆಳಗೆ ಬಿದ್ರೆ ತಾವೇ ಬಾಯಲ್ಲಿ ಚೀಪಿ ಕೊಡೋ ಅಪ್ಪ ಅಮ್ಮಂದಿರ ಮಕ್ಕಳಿಗೆ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸೋ ಕಾಯಿಲೆ), ಆಸ್ತಮಾ ಕಮ್ಮಿ ಕಂಡಿತ್ತಂತೆ. ಹಾಗಂತ ಎಲ್ಲರೂ ಚೀಪಿ ಕೊಡಿ ಅಂತ ನಾನು ಹೇಳ್ತಿಲ್ಲ, ಎಂಜಲು ಅಂದ ಕೂಡಲೇ ವಿಷ ಅನ್ನೋದು ಸರಿಯಲ್ಲ ಅಂತ ಅಷ್ಟೇ.

ಒಂದು ಎಚ್ಚರ ಮಾತ್ರ ಡಾಕ್ಟರ್ ಖಡಕ್ಕಾಗಿ ಹೇಳಿದ್ರು, ಯಾರಿಗಾದ್ರೂ ತುಟಿ ಮೇಲೆ ನೀರುಗುಳ್ಳೆ ಎದ್ದಿದ್ರೆ ಅದು ಒಣಗೋವರೆಗೂ ಮಗುಗೆ ಮುತ್ತು ಬೇಡ, ಅದು ಹರ್ಪಿಸ್ ವೈರಸ್, ಹಸುಗೂಸಿಗಂತೂ ಅಪಾಯ. ಜ್ವರ ನೆಗಡಿ ಇದ್ದಾಗಲೂ ಬೇಡ. ಹುಳುಕಿಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಮುತ್ತಿನ ವಿಷಯ ಬಂದಾಗ ಹೆದರಬೇಕಾಗಿದ್ದು ಇದಕ್ಕೆ ಅಂದ್ರು.

ಇನ್ನು ಈ ಕ್ಲಿನಿಕ್ ಬೇರೆ ಕಡೆಗಿಂತ ಯಾಕೆ ಬೇರೆ ಅಂದ್ರೆ, ಮಗು ಬಾಯಿ ನೋಡಿ ಆದ್ಮೇಲೆ ಮನೆಯವರ ಬಾಯೂ ನೋಡ್ತಾರೆ. ತಪ್ಪು ಹುಡುಕೋಕೆ ಅಲ್ಲ. ದೊಡ್ಡವರ ಬಾಯಲ್ಲಿ ತೆರೆದ ತೂತು ಇದ್ರೆ ಅದರೊಳಗೆ ಬ್ಯಾಕ್ಟೀರಿಯಾ ರಾಶಿ ಇರುತ್ತೆ, ಅದನ್ನ ತುಂಬಿಸಿ ಕ್ಲೀನ್ ಮಾಡಿದ್ರೆ ಎಂಜಲಲ್ಲಿ ಅದರ ಸಂಖ್ಯೆ ಇಳಿಯುತ್ತೆ, ಮಗುಗೆ ದಾಟೋದು ಕಮ್ಮಿ ಆಗುತ್ತೆ, ತಡವಾಗುತ್ತೆ. ಇದು ಸ್ವೀಡನ್, ಫಿನ್ಲೆಂಡ್ ಕಡೆ ತಾಯಂದಿರ ಮೇಲೆ ಮಾಡಿ ನೋಡಿರೋದು. ಫಿನ್ಲೆಂಡಲ್ಲಿ ತಾಯಂದಿರಿಗೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಒಂದು ಸಿಹಿ) ಇರೋ ಚೂಯಿಂಗ್ ಗಮ್ ಕೊಟ್ಟು, ಮಕ್ಕಳಿಗೆ ಏನೂ ಕೊಡದೆ, ಎರಡು ವರ್ಷಕ್ಕೆ ಮಕ್ಕಳ ಬಾಯಿ ಪರೀಕ್ಷೆ ಮಾಡಿದಾಗ ಬೇರೆ ಗುಂಪುಗಳಿಗಿಂತ ಈ ಮಕ್ಕಳಲ್ಲಿ ಬ್ಯಾಕ್ಟೀರಿಯಾ ತುಂಬಾ ಕಮ್ಮಿ ಸಿಕ್ತಂತೆ. ಅಂದ್ರೆ ಮಗೂನ ಅಜ್ಜಿಯಿಂದ ದೂರ ಮಾಡೋದಲ್ಲ, ಅಜ್ಜಿ ಬಾಯಿ ಚೆನ್ನಾಗಿ ಮಾಡೋದು.

ನನ್ನ ಹಲ್ಲಿಗೆ ಒಂದು ಗುಲಾಬಿ ಬಣ್ಣದ ದ್ರಾವಣ ಹಚ್ಚಿ ಬಾಯಿ ಮುಕ್ಕಳಿಸಿ ಉಗುಳಿಸಿದ್ರು, ಆಮೇಲೆ ಕೈಗೆ ಕನ್ನಡಿ. ಎಲ್ಲೆಲ್ಲಿ ಪ್ಲಾಕ್, ಅಂದ್ರೆ ಹಲ್ಲಿಗೆ ಅಂಟೋ ಬ್ಯಾಕ್ಟೀರಿಯಾ ಪದರ, ಇದೆಯೋ ಅಲ್ಲೆಲ್ಲಾ ಗಾಢ ಗುಲಾಬಿ. ಬಲಗಡೆ ದವಡೆ ಹಲ್ಲುಗಳ ಒಳಬದಿ, ಒಸಡಿಗೆ ತಾಗೋ ಜಾಗ ಪೂರ್ತಿ ಬಣ್ಣ ಹಿಡಿದಿತ್ತು, ಬಲಗೈಯಲ್ಲಿ ಬ್ರಶ್ ಮಾಡೋರು ಸುಮಾರು ಜನಕ್ಕೆ ಬಲಗಡೆ ಒಳಬದಿ ತಪ್ಪುತ್ತೆ ಅಂತ ಹೇಳಿ ಬ್ರಶ್ ಓರೆ ಹಿಡಿಯೋದು ತೋರಿಸಿದ್ರು. ಅತ್ತೆ ಬಾಯಲ್ಲಿ ಕೆಳಗಿನ ಒಂದು ದವಡೆ ಹಲ್ಲು ಅರ್ಧ ಮುರಿದು ತೂತಾಗಿತ್ತು, ಊರಲ್ಲಿದ್ದಾಗ ಯಾರೋ ಬೀಜದ ಹೊಗೆ ಹಾಕಿ ಹುಳ ತೆಗೀತೀನಿ ಅಂದು ತೆಗೆದಿದ್ರಂತೆ, ಅದಾದ್ಮೇಲೆ ನೋವು ಬಂದಾಗ ಲವಂಗ ಇಟ್ಕೊಂಡು ದಿನ ದೂಡಿದಾರೆ. ಡಾಕ್ಟರ್ ನಗಲಿಲ್ಲ, ಬೈಲಿಲ್ಲ. "ಅಜ್ಜಿ, ಮುದ್ದು ಮಾಡೂದು ಬಿಡಬ್ಯಾಡ್ರಿ, ಹಲ್ಲು ರಿಪೇರಿ ಮಾಡಿಸ್ಕೋರಿ" ಅಂದ್ರು. ಇವರು ಮಕ್ಕಳ ಡಾಕ್ಟರ್ ಆದ್ರಿಂದ ವಾರಕ್ಕೆ ಎರಡು ದಿನ ದೊಡ್ಡವರನ್ನ ನೋಡೋ ಇನ್ನೊಬ್ಬ ಡಾಕ್ಟರ್ ಅಲ್ಲೇ ಬರ್ತಾರೆ, ಅವರ ಹತ್ರ ಅತ್ತೆಗೆ ರೂಟ್ ಕೆನಾಲ್ ಆಯ್ತು, ಕ್ಯಾಪ್ ಕೂಡ ಹಾಕಿಸ್ಕೊಂಡ್ರು. ಮೊಮ್ಮಗಳಿಗೋಸ್ಕರ ಅಂದಿದ್ರಿಂದ ಕುರ್ಚಿ ಹತ್ತಿದ್ರು, ನಮ್ಮನೆಯವರು ಎಷ್ಟು ವರ್ಷದಿಂದ ಹೇಳಿದ್ರೂ ಕೇಳಿರ್ಲಿಲ್ಲ.

ಹಾಗಾದ್ರೆ ಮಗಳ ಹಲ್ಲಿಗೆ ಆಗಿದ್ದೇನು? ಡಾಕ್ಟರ್ ಒಂದು ದಿನದ ಊಟ ತಿಂಡಿ ಎಲ್ಲಾ ಗಂಟೆ ಲೆಕ್ಕದಲ್ಲಿ ಬರೆಸ್ಕೊಂಡ್ರು, ಬೆಳಿಗ್ಗೆಯಿಂದ ರಾತ್ರಿವರೆಗೂ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟ್ಲಿ ಬಾಯಲ್ಲಿಟ್ಕೊಂಡೇ ನಿದ್ದೆ, ಮಧ್ಯಾಹ್ನ ಚಹಾದಲ್ಲಿ ಅದ್ದಿದ ಬಿಸ್ಕೆಟ್, ಪಾಳಣಾಘರದಲ್ಲಿ ಜ್ಯೂಸ್, ಸಂಜೆ ರಾಜಗಿರಾ ಲಾಡು ಇಲ್ಲಾ ಚಿಕ್ಕಿ. ಅವರು ಬಾಟ್ಲಿ ಅಂತ ಬರೆದ ಕಡೆ ಸುತ್ತ ಗೋಲ ಹಾಕಿದ್ರು. ಏನಾಗುತ್ತೆ ಅಂದ್ರೆ ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲೆ ಆಸಿಡ್ ಏರಿ ಪಿಎಚ್ (ಹುಳಿ ಅಳೆಯೋ ಲೆಕ್ಕ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿಯುತ್ತೆ, ಆಗ ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್‌ನಿಂದ ಕ್ಯಾಲ್ಸಿಯಂ ಕರಗೋಕೆ ಶುರು, ಜೊಲ್ಲು ಅದನ್ನ ತೊಳೆದು ಮತ್ತೆ ಸರಿ ಮಾಡೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದೇ ಸಲ ಲಾಡು ತಿಂದು ಮುಗಿಸಿದ್ರೆ ಒಂದು ಸಲ ಪೆಟ್ಟು, ಅದನ್ನೇ ಕೈಯಲ್ಲಿ ಹಿಡ್ಕೊಂಡು ಎರಡು ಗಂಟೆ ಕಚ್ತಾ ಓಡಾಡಿದ್ರೆ ಎರಡು ಗಂಟೆನೂ ಪೆಟ್ಟೇ. ನಿದ್ದೇಲಿ ಜೊಲ್ಲು ತುಂಬಾ ಕಮ್ಮಿ, ಬಾಟ್ಲಿ ಹಾಲು ಮೇಲಿನ ಮುಂದಿನ ಹಲ್ಲಿನ ಸುತ್ತ ನಿಂತಿರುತ್ತೆ, ತೊಳೆಯೋರು ಯಾರೂ ಇಲ್ಲ. ಅದಕ್ಕೇ ಹುಳುಕು ಮೊದಲು ಅಲ್ಲೇ ಬರುತ್ತೆ. ಬೆಲ್ಲ ಹಾಕಿದ್ರೆ ಪರ್ವಾಗಿಲ್ವಾ ಅಂತ ಅತ್ತೆ ಕೇಳಿದ್ರು, ಬ್ಯಾಕ್ಟೀರಿಯಾಗೆ ಬೆಲ್ಲನೂ ಸಕ್ಕರೆನೇ ಅಂದ್ರು. ಜೇನುತುಪ್ಪಕ್ಕೂ ಅದೇ ಉತ್ತರ.

ಟ್ರೀಟ್‌ಮೆಂಟ್ ವಿಷಯ. ತೂತಾಗದೇ ಬಿಳಿ ಪಟ್ಟಿ ಹಂತದಲ್ಲೇ ಇದ್ದಿದ್ರಿಂದ ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಫ್ಲೋರೈಡ್ ವಾರ್ನಿಶ್ ಹಚ್ಚಿದ್ರು, ಹತ್ತಿಯಲ್ಲಿ ಹಲ್ಲು ಒರೆಸಿ ಪುಟ್ಟ ಬ್ರಶ್‌ನಲ್ಲಿ ಬಳಿಯೋದು, ಎರಡು ನಿಮಿಷ ಆಗ್ಲಿಲ್ಲ. ಅವತ್ತು ಹಲ್ಲು ಸ್ವಲ್ಪ ಹಳದಿ ಕಾಣುತ್ತೆ, ಗಾಬರಿ ಬೇಡ, ರಾತ್ರಿ ಬ್ರಶ್ ಬೇಡ, ಮೆತ್ತಗಿರೋದು ತಿನ್ನಿಸಿ ಅಂದ್ರು, ಮರುದಿನ ಬ್ರಶ್ ಮಾಡಿದಾಗ ಹೋಯ್ತು. ಮೂರು ತಿಂಗಳಿಗೊಮ್ಮೆ ಬನ್ನಿ ಅಂತ ಹೇಳಿದಾರೆ. ಅಕಸ್ಮಾತ್ ತೂತು ಬಿದ್ದಿದ್ರೆ ಏನ್ಮಾಡ್ತಿದ್ರಿ ಅಂತಾನೂ ಕೇಳಿದೆ, ಸಿಲ್ವರ್ ಡೈಅಮೀನ್ ಫ್ಲೋರೈಡ್ ಅಂತ ಒಂದಿದೆ, ಹಚ್ಚಿದ್ರೆ ಹುಳುಕು ಅಲ್ಲಿಗೇ ನಿಲ್ಲೋ ಚಾನ್ಸ್ ಚೆನ್ನಾಗಿದೆ, ಆದ್ರೆ ಹುಳುಕಿದ ಜಾಗ ಕಪ್ಪಾಗುತ್ತೆ, ಫೋಟೋ ತೋರಿಸಿಯೇ ಕೇಳಿ ಮಾಡೋದು ಅಂದ್ರು, ಫೋಟೋನೂ ತೋರಿಸಿದ್ರು. ಬೇಕಿಲ್ಲದ್ದನ್ನ ಮಾರೋಕೆ ನೋಡ್ಲಿಲ್ಲ, ಇದು ನಂಗೆ ದೊಡ್ಡ ವಿಷಯ. ಕನ್ಸಲ್ಟೇಶನ್ 500, ವಾರ್ನಿಶ್ 1,200 ತಗೊಂಡ್ರು. ಹಾಲುಹಲ್ಲು ಹೆಂಗಿದ್ರೂ ಬಿದ್ದೋಗುತ್ತೆ, ಇದಕ್ಕೆ ಇಷ್ಟು ದುಡ್ಡಾ ಅಂತ ಕೇಳೋರಿಗೆ: ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಬೇಕು, ಅದು ಮುಂಚೆನೇ ಹೋದ್ರೆ ಪಕ್ಕದ ಹಲ್ಲು ಜರುಗಿ ಶಾಶ್ವತ ಹಲ್ಲಿಗೆ ಜಾಗ ಇರಲ್ಲ, ಮತ್ತೆ ಆರು ವರ್ಷಕ್ಕೆ ಮೊದಲ ಶಾಶ್ವತ ದವಡೆ ಹಲ್ಲು ಬರೋದು ಈ ಹುಳುಕು ಹಲ್ಲುಗಳ ಪಕ್ಕದಲ್ಲೇ. ಹಲ್ಲು ನೋವಿಗೆ ಊಟ ಬಿಡೋ ಮಗೂನ ನೋಡಿದವರು ಈ ಪ್ರಶ್ನೆ ಕೇಳಲ್ಲ.

ಬ್ರಶ್ ಮಾಡ್ಸೋದನ್ನ ಡಾಕ್ಟರ್ ಸ್ವತಃ ಮಾಡಿ ತೋರಿಸಿದ್ರು. ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, ಮೂರು ವರ್ಷ ತುಂಬಿದ ಮೇಲೆ ಬಟಾಣಿ ಕಾಳಿನಷ್ಟು, ಟಿವಿ ಜಾಹೀರಾತಲ್ಲಿ ಬ್ರಶ್ ಉದ್ದಕ್ಕೂ ಹಾಕ್ತಾರಲ್ಲ ಅದೆಲ್ಲ ಬೇಡ. ಪೇಸ್ಟ್ ಬ್ರಶ್ ಮೇಲೆ ಕುಪ್ಪೆಯಾಗಿ ಕೂರಬಾರದು, ಕೂದಲಿನ ಒಳಗೆ ಒತ್ತಬೇಕು, ಇಲ್ಲಾಂದ್ರೆ ಮಗು ಅದನ್ನೇ ಚೀಪಿ ನುಂಗುತ್ತೆ. ಬಾಕ್ಸ್ ಮೇಲೆ ಫ್ಲೋರೈಡ್ ಎಷ್ಟಿದೆ ಓದಿ, 1000 ಪಿಪಿಎಂ ಇರ್ಬೇಕು ಅಂದ್ರು, ಮನೆಗೆ ಬಂದು ನೋಡಿದ್ರೆ ಕಾರ್ಟೂನ್ ಚಿತ್ರ ಇರೋ ಮಕ್ಕಳ ಪೇಸ್ಟಲ್ಲಿ ಫ್ಲೋರೈಡೇ ಇರ್ಲಿಲ್ಲ. ನೀವೂ ನಿಮ್ಮನೆದು ತಿರುಗಿಸಿ ಓದಿ. ದಿನಕ್ಕೆ ಎರಡು ಸಲ, ರಾತ್ರಿದು ಎಲ್ಲಕ್ಕಿಂತ ಮುಖ್ಯ, ಅದಾದ್ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಮಗು ತಾನೇ ಮಾಡ್ಕೋತೀನಿ ಅಂದ್ರೂ ಏಳು ಎಂಟು ವರ್ಷದವರೆಗೆ ದೊಡ್ಡವರು ಇನ್ನೊಂದು ಸಲ ಮಾಡಿಸ್ಬೇಕಂತೆ. ರಾತ್ರಿ ಬ್ರಶ್ ಡ್ಯೂಟಿ ಈಗ ಅತ್ತೆದೇ, ಕ್ಲಿನಿಕ್‌ನಲ್ಲಿ ತೋರಿಸಿದ ಹಾಗೆ ತೊಡೆ ಮೇಲೆ ಮಲಗಿಸ್ಕೊಂಡು ಮಾಡ್ತಾರೆ.

ನಮ್ಮನೆಯವರೂ ಒಂದು ಪ್ರಶ್ನೆ ಕೇಳಿದ್ರು, ಗಂಡ ಹೆಂಡತಿ ನಡುವೆ ಹರಡುತ್ತಾ ಅಂತ. ಮುತ್ತಲ್ಲಿ ಬ್ಯಾಕ್ಟೀರಿಯಾ ದಾಟೋದಂತೂ ನಿಜ, 2014ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಲೆಕ್ಕ ಹಾಕಿದಾರೆ, ಹತ್ತು ಸೆಕೆಂಡಿನ ಮುತ್ತಲ್ಲಿ 8 ಕೋಟಿ ಬ್ಯಾಕ್ಟೀರಿಯಾ. ಆದ್ರೆ ದೊಡ್ಡವರ ಬಾಯಲ್ಲಿ ಆಗಲೇ ಎಲ್ಲಾ ಜಾಗ ಭರ್ತಿ ಆಗಿರುತ್ತೆ, ಹೊಸದು ಬಂದು ನೆಲೆ ಊರೋದು ಕಷ್ಟ. ಗಂಡ ಹೆಂಡತಿ ಇಬ್ಬರಿಗೂ ಹುಳುಕು ಇದ್ರೆ ಇಬ್ಬರೂ ಕುಡಿಯೋ ಚಹಾ ಒಂದೇ, ರಾತ್ರಿ ಬ್ರಶ್ ಮಾಡದೇ ಮಲಗೋದೂ ಒಂದೇ, ಅಲ್ಲಿ ನೋಡಿ ಅಂದ್ರು.

ಈಗ ಆ ಹೋದ ಸ್ಟಾರ್. ಅಪಾಯಿಂಟ್‌ಮೆಂಟ್ ಇದ್ರೂ ಕಾಯೋದಂತೂ ತಪ್ಪೋದಿಲ್ಲ, ಎಲ್ಲರಿಗೂ ಇಷ್ಟು ಹೊತ್ತು ವಿವರಿಸಿದ್ರೆ ಲೇಟ್ ಆಗದೇ ಇನ್ನೇನು, ಅದು ಅರ್ಥ ಆಗುತ್ತೆ, ಆದ್ರೆ ಒಂದು ಫೋನ್ ಮಾಡಿ ಅರ್ಧ ಗಂಟೆ ಬಿಟ್ಟು ಬನ್ನಿ ಅಂತ ಹೇಳಬಹುದಲ್ವಾ, ನಿದ್ದೆಗೆಟ್ಟ ಮಗೂನ ಹಿಡ್ಕೊಂಡು ಕೂರೋದು ಕಷ್ಟ. ಶನಿವಾರ ಸಂಜೆ ಹೋಗ್ಲೇಬೇಡಿ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಅತ್ತೆಗೆ ಮಂಡಿ ನೋವು, ರೂಟ್ ಕೆನಾಲ್‌ಗೆ ಪ್ರತಿ ಸಲ ಹತ್ತೋದು ಸಾಹಸ ಆಯ್ತು. ಗಾಡಿ ನಿಲ್ಲಿಸೋಕೆ ಗಲ್ಲೀಲಿ ಜಾಗ ಇಲ್ಲ, ರಿಕ್ಷಾ ಬೆಸ್ಟ್. ರೇಟ್ ಎಲ್ಲೂ ಬರೆದು ಹಾಕಿಲ್ಲ, ಕೇಳಿದ್ರೆ ಹೇಳ್ತಾರೆ, ಆದ್ರೆ ಎಲ್ಲರೂ ಕೇಳೋಕೆ ಮುಂದಾಗಲ್ಲ.

ಖರ್ಚು ಜಾಸ್ತಿ ಅನ್ಸೋರು ಡೆಂಟಲ್ ಕಾಲೇಜುಗಳಿಗೆ ಹೋಗಬಹುದು, ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ್ದಿದೆ, ಪಿಂಪ್ರಿಯಲ್ಲಿ ಡಿ.ವೈ. ಪಾಟೀಲರದ್ದಿದೆ, ಎರಡರಲ್ಲೂ ಮಕ್ಕಳ ಹಲ್ಲಿನ ವಿಭಾಗ ಇದೆ. ಕಾಲೇಜಲ್ಲಿ ಸಾಮಾನ್ಯವಾಗಿ ಪ್ರೈವೇಟ್‌ಗಿಂತ ಕಮ್ಮಿ ಆಗುತ್ತೆ, ಅರ್ಧ ದಿನ ಇಟ್ಕೊಂಡು ಹೋಗ್ಬೇಕು ಅಷ್ಟೇ. ಎಲ್ಲೇ ತೋರಿಸಿ, ಮೊದಲ ಹಲ್ಲು ಬಂದ್ಮೇಲೆ ಒಂದು ವರ್ಷ ತುಂಬೋದರೊಳಗೆ ಒಂದು ಸಲ ತೋರಿಸಿ. ಮೇಲಿನ ತುಟಿ ಎತ್ತಿ ನೋಡೋದನ್ನ ಮನೇಲೂ ತಿಂಗಳಿಗೊಮ್ಮೆ ಮಾಡಿ, ಬೆಳಕಿನ ಕಡೆ ತಿರುಗಿಸಿ. ಬಿಳಿ ಪಟ್ಟಿ ಕಂಡಾಗಲೇ ಹೋದ್ರೆ ಡ್ರಿಲ್ ತಪ್ಪುತ್ತೆ, ಕಂದು ಬಣ್ಣಕ್ಕೆ ತಿರುಗಿ ತೂತಾದ್ಮೇಲೆ ಹೋದ್ರೆ ಚಿಕ್ಕ ಮಗೂನ ಹಿಡಿದು ಕೂರಿಸೋ ಕಷ್ಟ ಯಾರಿಗೂ ಬೇಡ.

ಮೊನ್ನೆ ಎರಡನೇ ವಾರ್ನಿಶ್‌ಗೆ ಹೋದಾಗ ಪಟ್ಟಿ ಸಣ್ಣದಾಗಿದೆ, ಮೇಲ್ಮೈ ಗಟ್ಟಿಯಾಗಿ ಹೊಳಪು ಬಂದಿದೆ ಅಂತ ತೋರಿಸಿದ್ರು, ಮಂಕಾಗಿದ್ರೆ ಇನ್ನೂ ಕರಗ್ತಿದೆ ಅಂತ, ಹೊಳೀತಿದ್ರೆ ನಿಂತಿದೆ ಅಂತ ಅರ್ಥ. ಬಾಟ್ಲಿ ಬಿಡಿಸೋಕೆ ಕೆಲವು ರಾತ್ರಿ ಅಳು ಕೇಳ್ಬೇಕಾಯ್ತು, ಬಾಟ್ಲೀಲಿ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡ್ತಾ ಹೋಗಿ ಅಂತ ಕ್ಲಿನಿಕ್‌ನವರೇ ಹೇಳಿದ್ದ ಉಪಾಯ ಕೊನೆಗೆ ನಡೀತು. ಅಜ್ಜಿ ಮೊಮ್ಮಗಳು ಮತ್ತೆ ಒಂದೇ ತಟ್ಟೇಲಿ ಮೊಸರನ್ನ ಉಣ್ತಾರೆ, ಫ್ಯಾಮಿಲಿ ಗ್ರೂಪಿಗೆ ಅತ್ತೆನೇ ವಾಯ್ಸ್ ಮೆಸೇಜ್ ಹಾಕಿ ಹೆಪ್ಪಿನ ಕಥೆ ಹೇಳಿದಾರೆ.

ಕ್ಲಿನಿಕ್‌ನವರು ಇದನ್ನ ಓದ್ತಿದ್ರೆ ಒಂದೇ ವಿನಂತಿ. ನೀವು ಕೊಡೋ ಸೂಚನೆಗಳ ಕಾಗದ ಇಂಗ್ಲಿಷಲ್ಲಿ ಮಾತ್ರ ಇದೆ. ಮಗು ಜೊತೆ ಇಡೀ ದಿನ ಇರೋರು ಅಜ್ಜಿಯಂದಿರು, ಪಾಳಣಾಘರದಲ್ಲಿ ನೋಡ್ಕೊಳ್ಳೋ ಹೆಂಗಸರು, ಅವರು ಓದೋ ಹಾಗೆ ಮರಾಠಿ, ಕನ್ನಡದಲ್ಲೂ ಮಾಡ್ಸಿ. ಕನ್ನಡದ್ದು ಬರೆದು ಕೊಡೋಕೆ ನಾನು ರೆಡಿ, ರಿಸೆಪ್ಶನ್‌ನಲ್ಲಿ ಹೇಳಿ ನನ್ನ ನಂಬರ್ ಕೊಟ್ಟು ಬಂದಿದೀನಿ.